ಕೊನೆಗೆ ಸೋತ ವರ್ಷ

2025ರ ಅಕ್ಟೋಬರದಲ್ಲಿ ಮೊಮ್ಮಗನ ಕೈಹಿಡಿದು ಬೈಲಹೊಂಗಲದಿಂದ ಕಿತ್ತೂರಿಗೆ ಹೋಗಿದ್ದೆ. ಉತ್ಸವದ ದಿನ. ಮುರಿದ ಕೋಟೆಯ ಮುಂದೆ ಡೊಳ್ಳು, ಲೇಜಿಮು, ಮಿರ್ಚಿಭಜಿಯ ಹೊಗೆ, ಕಾಲಿಡಲು ತೆರಪಿಲ್ಲದಷ್ಟು ಜನ. ಹುಡುಗನ ಮೈಮೇಲೆ ಬೆಂಗಳೂರು ತಂಡದ ಕೆಂಪು ಅಂಗಿ. ಆ ವರ್ಷ ಅವರು ಐ.ಪಿ.ಎಲ್. ಕಪ್ ಗೆದ್ದಿದ್ದರಲ್ಲ, ತೊಳೆಯಲಿಕ್ಕಾದರೂ ಆ ಅಂಗಿಯನ್ನು ಅವನ ಮೈಯಿಂದ ಬಿಡಿಸಬೇಕೆಂದರೆ ಅವನ ತಾಯಿಗೆ ದಿನಕ್ಕೊಂದು ಜಗಳ.

ವೇದಿಕೆಯ ಮೇಲೆ ಯಾರೋ 1824ರ ಅಕ್ಟೋಬರ 23ರ ಕಥೆ ಹೇಳುತ್ತಿದ್ದರು. ಧಾರವಾಡದ ಕಲೆಕ್ಟರ ಥ್ಯಾಕರೆ ಪಡೆ ತಂದದ್ದು, ಕಿತ್ತೂರಿನವರು ಕೋಟೆಯ ಬಾಗಿಲು ತೆರೆದು ಹೊರನುಗ್ಗಿದ್ದು, ಥ್ಯಾಕರೆ ಬಿದ್ದದ್ದು. ಚಪ್ಪಾಳೆ ನಿಲ್ಲಲೊಲ್ಲದು.

“ಅಜ್ಜಾ, ಹಂಗಾದ್ರ ನಾವು ಗೆದ್ವಿ?”

“ಗೆದ್ವಿ.”

“ಆಮ್ಯಾಲ?”

“ಆಮ್ಯಾಲ ಡಿಸೆಂಬರದಾಗ ಕಂಪನಿಯವರು ದೊಡ್ಡ ದಂಡ ತಂದ್ರು. ಕೋಟಿ ಹೋತು. ರಾಣೀನ್ನ ಸೆರಿ ಹಿಡದು ನಮ್ಮ ಬೈಲಹೊಂಗಲದಾಗ ಇಟ್ರು.”

ಅವನು ತುಸು ಹೊತ್ತು ಭಜಿ ಮೆಲ್ಲಿದ. “ಅಂದ್ರ ಫೈನಲ್ ಸೋತ್ವಿ. ಸೋತದ್ದಕ್ಕ ಇಷ್ಟ ದೊಡ್ಡ ಜಾತ್ರಿ ಯಾಕ?”

ಸುತ್ತಲಿನವರು ಕೇಳಿಸಿಕೊಂಡರೇನೋ ಎಂದು ನಾನು ಅತ್ತಿತ್ತ ನೋಡಿದೆ. ಆ ಕ್ಷಣಕ್ಕೆ ಗದರಿಸಿ ಸುಮ್ಮನಾಗಿಸಿದೆ. ಆದರೆ ಹಿರಿಯರು ಗದರಿಸುವುದು ಹೆಚ್ಚಾಗಿ ಉತ್ತರ ಇಲ್ಲದಾಗಲೇ ಅಲ್ಲವೆ? ಬಸ್ಸಿನಲ್ಲಿ ಮರಳಿ ಬರುವಾಗ ಆ ಪ್ರಶ್ನೆ ನನ್ನ ಪಕ್ಕದಲ್ಲಿಯೇ ಕುಳಿತಿತ್ತು.

ಅವನ ಅಪ್ಪನನ್ನೇ ತೆಗೆದುಕೊಳ್ಳಿರಿ. ಹದಿನೆಂಟು ವರ್ಷ ಒಂದೇ ತಂಡಕ್ಕೆ ನಿಷ್ಠೆಯಿಂದ ನಡೆದುಕೊಂಡವನು. ಪ್ರತಿ ಬೇಸಿಗೆ “ಈ ಸಲ ಕಪ್ ನಮ್ದೇ” ಎನ್ನುವನು; ಕಪ್ ಮತ್ತೊಬ್ಬರ ಮನೆಗೆ ಹೋಗುವದು. 2009, 2011, 2016—ಮೂರು ಸಲ ಕೊನೆಯ ಪಂದ್ಯದ ತನಕ ಬಂದು ಸೋತರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಡೆಗೂ ಗೆದ್ದರು. ಆದರೂ ನಿನಗೆ ಬಹಳ ಹಿಡಿಸಿದ ವರ್ಷ ಯಾವುದು ಎಂದು ಕೇಳಿದರೆ ಅವನು 2016 ಎನ್ನುತ್ತಾನೆ. ನಡುವೆ ಸೋತು ಸೋತು ಪಟ್ಟಿಯ ತಳಕ್ಕೆ ಹತ್ತಿದ ತಂಡ ಲೀಗಿನ ಕೊನೆಯ ನಾಲ್ಕೂ ಪಂದ್ಯ ಗೆದ್ದು ಎರಡನೆಯ ಸ್ಥಾನಕ್ಕೆ ಏರಿತು. ಕೊಹ್ಲಿ ಆ ಒಂದೇ ಋತುವಿನಲ್ಲಿ ನಾಲ್ಕು ಶತಕಗಳೊಡನೆ 973 ರನ್ ಹೊಡೆದ. ಅವುಗಳಲ್ಲೊಂದು ಕೈಗೆ ಹೊಲಿಗೆ ಹಾಕಿಸಿಕೊಂಡು ಬಂದು ಹೊಡೆದದ್ದು. ಮೇ 29ರ ರಾತ್ರಿ, ಬೆಂಗಳೂರಿನಲ್ಲಿಯೇ, ಹೈದರಾಬಾದಿನವರ 208ನ್ನು ಬೆನ್ನುಹತ್ತಿ ಮೊದಲ ಜೋಡಿಯೇ 114 ಕೂಡಿಸಿತು. ನಮ್ಮ ಓಣಿಯ ಚಹಾದಂಗಡಿಯಲ್ಲಿ ಆಗಲೇ ಪೇಢೆ ತರಿಸಿದ್ದರು. ಎಂಟು ರನ್ ಕಡಿಮೆ ಬಿದ್ದವು. ಪೇಢೆಯನ್ನು ಮಾತ್ರ ಯಾರೂ ಚೆಲ್ಲಲಿಲ್ಲ, ಮಾತಾಡದೆ ತಿಂದರು.

ಗೆದ್ದ ಮರುದಿನದ ಸುದ್ದಿಯನ್ನು ಹೇಳದೆ ಮುಂದೆ ಹೋಗುವುದು ತಪ್ಪಾದೀತು. 2025ರ ಜೂನ್ 4ರಂದು, ಹದಿನೆಂಟು ವರ್ಷದ ಹಸಿವೆಯೊಂದಿಗೆ ಬಂದ ಜನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ ಸಿಕ್ಕರು. 11 ಮಂದಿ ಸತ್ತರು. ಸೋತ 2016ರಲ್ಲಿ ಎಲ್ಲರೂ ಮನೆಗೆ ಹೋಗಿ ಮಲಗಿದ್ದರು. ನನ್ನ ಮಗ ಹಳೆಯ ವರ್ಷವನ್ನೇ ಮೆಚ್ಚುವುದಕ್ಕೆ ಇದೂ ಒಂದು ಕಾರಣವಿರಬಹುದು; ಅವನು ಬಾಯಿಬಿಟ್ಟು ಹೇಳಿಲ್ಲ.

ನನ್ನದು ಹಳೆಯ ರುಚಿ, ರಣಜಿ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ಫೈನಲ್ ನನಗೆ ಇಂದಿಗೂ ಅಂಗೈಯ ಗೆರೆಯಂತೆ ನೆನಪಿದೆ. ಮೊದಲ ಸರದಿಯಲ್ಲಿ ಕರ್ನಾಟಕ 130ಕ್ಕೆ ಮುಗಿದುಹೋಯಿತು. ಗೆಲ್ಲಲು 338 ಬೇಕು, ಎದುರಿಗೆ ಮುಂಬಯಿ. ಇಪ್ಪತ್ತರ ಹರೆಯದ ಮನೀಶ ಪಾಂಡೆ 144 ಹೊಡೆದ. ತಂಡ 331ಕ್ಕೆ ನಿಂತಿತು; ಸೋಲು ಆರು ರನ್ನಿನದು. ಮುಂದೆ 2013–14ರಲ್ಲಿಯೂ 2014–15ರಲ್ಲಿಯೂ ಕರ್ನಾಟಕ ರಣಜಿ ಗೆದ್ದಿತು. ಎರಡನೆಯದಂತೂ ತಮಿಳುನಾಡಿನ ಮೇಲೆ ಇನಿಂಗ್ಸಿನ ವಿಜಯ. ಆ ಎರಡನ್ನೂ ನಾನು ಒಮ್ಮೆ ನೆನೆದು ಸಂತೋಷಪಟ್ಟು ಕಪಾಟಿನಲ್ಲಿಟ್ಟಿದ್ದೇನೆ. ಮೈಸೂರಿನದು ಮಾತ್ರ ಕಪಾಟಿಗೆ ಹೋಗಲೊಲ್ಲದು.

ಕೆಲವೊಮ್ಮೆ ‘ಗೆದ್ದವರು’ ಎಂಬ ಮಾತೇ ನಿಯಮದ ಆಟವಾಗಿರುತ್ತದೆ. 2017–18ರ ಫುಟ್‌ಬಾಲ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿ ಎರಡನೆಯವರಿಗಿಂತ ಎಂಟು ಅಂಕ ಮುಂದೆ ನಿಂತು ಮೊದಲನೆಯದಾಯಿತು. ನಿಯಮ ಅದಕ್ಕೆ ಪ್ರಶಸ್ತಿ ಕೊಡಲಿಲ್ಲ. ಅದೇ ಎರಡನೆಯವರಾದ ಚೆನ್ನೈಯವರು ಫೈನಲಿನಲ್ಲಿ ಬಂದು, ಕಂಠೀರವದಲ್ಲಿಯೇ 3–2ರಿಂದ ಸೋಲಿಸಿ ಒಯ್ದರು. 2019–20ರಿಂದ ಲೀಗಿನಲ್ಲಿ ಮೊದಲು ಬಂದವರಿಗೂ ಶೀಲ್ಡ್ ಕೊಡುವ ಪದ್ಧತಿ ಬಂದಿತು. ಅಮೇರಿಕದಲ್ಲಿ ಕಾಲೇಜು ಹುಡುಗರ ಫುಟ್‌ಬಾಲಿಗೆ ಬಹುಕಾಲ ಫೈನಲೇ ಇರಲಿಲ್ಲ. ವರದಿಗಾರರೂ ತರಬೇತಿಗಾರರೂ ಮತ ಹಾಕಿ ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. ಇಂಥ ಕಡೆ ಅಭಿಮಾನಿ ತನ್ನದೇ ಲೆಕ್ಕ ಇಟ್ಟುಕೊಂಡರೆ ಅವನನ್ನು ದೂರುವಂತಿಲ್ಲ.

ಆದರೆ ನನ್ನ ಸಂಶಯ ಬೇರೆ. ಸೋತ ವರ್ಷವನ್ನು ಪ್ರೀತಿಸುವುದು ದೊಡ್ಡ ಮನಸ್ಸಿನ ಲಕ್ಷಣ, ಫಲದ ಆಸೆ ಬಿಟ್ಟವನ ಲಕ್ಷಣ, ಎಂದು ನಾನು ಬಹಳ ದಿನ ನಂಬಿದ್ದೆ. ಭಾಷಣಗಳಲ್ಲಿಯೂ ಹೇಳಿದ್ದುಂಟು. ಒಬ್ಬ ಗೆಳೆಯ ಆ ನಂಬಿಕೆ ಕೆಡಿಸಿದ.

ನಾವು ಬೈಲಹೊಂಗಲದಲ್ಲಿ ಕಾಲೇಜು ಕಲಿಯುತ್ತಿದ್ದಾಗ, 1977ರ ಸುಮಾರಿಗೆ, ನಮ್ಮದೊಂದು ಕಬಡ್ಡಿ ತಂಡವಿತ್ತು. ಸವದತ್ತಿ ಕಡೆಯ ಎರೆಹೊಲದ ಹುಡುಗರು ಮೂವರು, ಕಿತ್ತೂರಿನವನೊಬ್ಬ, ರಾಮದುರ್ಗದ ಕಡೆಯವನು ಈ ನನ್ನ ಗೆಳೆಯ. ನಾನು ಆಡಿದವನಲ್ಲ, ನೀರಿನ ಕೊಡ ಹೊತ್ತವನು, ಕೂಗಿದವನು. ಬೂಟಿಲ್ಲ, ಬಸ್ಸಿನ ರೊಕ್ಕವೂ ಪೂರಾ ಇಲ್ಲ. ಹಾಗಿದ್ದೂ ಆ ಚಳಿಗಾಲ ಒಂದೊಂದೇ ಕಾಲೇಜನ್ನು ಕೆಡವುತ್ತ ಧಾರವಾಡದಲ್ಲಿ ಕೊನೆಯ ಪಂದ್ಯಕ್ಕೆ ಬಂದರು. ಅಂಕ ಸರಿಸಮ. ಕೊನೆಯ ದಾಳಿ ನನ್ನ ಗೆಳೆಯನದು. ಒಬ್ಬನನ್ನು ಮುಟ್ಟಿ ತಿರುಗಿದ. ನಾಲ್ವರು ಮೇಲೆ ಬಿದ್ದರು. ಅವರ ಕೆಳಗಿನಿಂದ ಒಂದು ಕೈ ನಡುಗೆರೆಯತ್ತ ಚಾಚಿ ಬಂದಿತು. ಪಂಚರು ಸೀಟಿ ಊದಿದರು. ಒಂದು ಅಂಕದಿಂದ ಸೋತೆವು.

ಆ ಕಥೆಯನ್ನು ನಾನು ನಲವತ್ತು ವರ್ಷ ಹೇಳಿದೆ. ಮದುವೆಯ ಚಪ್ಪರದಲ್ಲಿ, ನಿವೃತ್ತಿಯ ಸಮಾರಂಭದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಟ್ರ್ಯಾಕ್ಟರಿನಲ್ಲಿ ಕೂಡ. ನನ್ನ ಕಥೆಯಲ್ಲಿ ಆ ಕೈ ಗೆರೆಯನ್ನು ಮುಟ್ಟಿತ್ತು, ಪಂಚರು ನೋಡಲಿಲ್ಲ. ಕೇಳಿದವರು ಹಲ್ಲು ಕಡಿಯುವರು. ಒಂದು ದಿನ ರಾಮದುರ್ಗದಲ್ಲಿ ಗೆಳೆಯನ ಮನೆಯ ಕಟ್ಟೆಯ ಮೇಲೆ, ಅವನ ಎದುರಿಗೇ, ಅವನ ಅಳಿಯನಿಗೆ ಇದನ್ನು ಹೇಳತೊಡಗಿದೆ. ಅವನು ಎಂದೂ ಈ ವಿಷಯ ಎತ್ತಿದವನಲ್ಲ. ನಾನದನ್ನು ವಿನಯ ಎಂದು ತಿಳಿದಿದ್ದೆ.

“ಮುಟ್ಟಿರಲಿಲ್ಲೋ,” ಎಂದ.

“ಏನು?”

“ಗೆರಿ ಮುಟ್ಟಿರಲಿಲ್ಲ. ಒಂದು ಗೇಣು ಉಳದಿತ್ತು. ಉಸರೂ ಬಿಟ್ಟಿದ್ದೆ. ಆ ಮನಶ್ಯಾ ಖರೇನ ಸೀಟಿ ಊದಿದಾ. ನೀ ಇಷ್ಟ ವರ್ಷ ಅವನ್ನ ಬೈಕೋತ ಬಂದಿ. ಮುಟ್ಟದನ ಸುಮ್ಮನ ತಿರಗಿದ್ರ ಆಟ ಸಮ ಆಗತಿತ್ತು. ನಾ ಆಸೆಬುರುಕತನಾ ಮಾಡಿದೆ.” ಸ್ವಲ್ಪ ತಡೆದು, “ನಿನಗ ಅದು ಚಲೋ ವರ್ಷ. ಇರಲಿ,” ಎಂದು ಒಳಗೆ ಹೋಗಿ ಚಹಾ ಹೇಳಿದ.

ಅಂದಿನಿಂದ ನಾನು ಈ ಪ್ರೀತಿಯನ್ನು ಅಷ್ಟು ಸಲೀಸಾಗಿ ನಂಬುವುದಿಲ್ಲ. ನಾನು ಸೋಲನ್ನು ಪ್ರೀತಿಸಿರಲೇ ಇಲ್ಲ. ಸೋಲನ್ನು ಮೆಲ್ಲಗೆ ತೆಗೆದುಹಾಕಿ, ಅದರ ಜಾಗದಲ್ಲಿ ಒಬ್ಬ ಕುರುಡ ಪಂಚನನ್ನು ಕೂಡಿಸಿದ್ದೆ. ನನ್ನ ಚಂದದ ವರ್ಷದ ಬೆಲೆಯನ್ನು ಇಬ್ಬರು ಕೊಟ್ಟರು: ತಪ್ಪು ಮಾಡದೆ ಬೈಸಿಕೊಂಡವನೊಬ್ಬ, ತಪ್ಪು ಮಾಡಿಯೂ ಅದನ್ನು ಹೇಳಿಕೊಳ್ಳಲು ನಾನು ಎಡೆಗೊಡದೆ ಹೋದವನು ಇನ್ನೊಬ್ಬ. 2016ರ ಫೈನಲಿನಲ್ಲಿ ಹೈದರಾಬಾದಿನವರ ಕೊನೆಯ ಓವರಿನಲ್ಲಿ ಬೌಲರ್ ವಾಟ್ಸನ್ 24 ರನ್ ಕೊಟ್ಟ. ಎಂಟು ವರ್ಷದ ಮೇಲೆ, 2024ರಲ್ಲಿ, ಅವನು ಬೆಂಗಳೂರಿನ ಅಭಿಮಾನಿಗಳ ಕ್ಷಮೆ ಕೇಳಿದ. ಎಂಟು ವರ್ಷ! ನನ್ನ ಮಗ ಆ ಋತುವನ್ನು ನೆನೆದು ಸುಖಪಡುತ್ತಿದ್ದ ಅಷ್ಟೂ ದಿನ ಒಬ್ಬ ಮನುಷ್ಯ ಆ ಆರು ಚೆಂಡುಗಳನ್ನು ಹೊತ್ತುಕೊಂಡಿದ್ದನೆಂದಾಯಿತು.

ಹಾಗಾದರೆ ಕಿತ್ತೂರು? ಆಟವನ್ನೂ ಯುದ್ಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನನಗೆ ಗೊತ್ತು; ಅಲ್ಲಿ ಬಿದ್ದವರು ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೋಗಲಿಲ್ಲ. ಆದರೂ ಹುಡುಗನ ಪ್ರಶ್ನೆಗೆ ಒಂದು ಅರ್ಧ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ ಎನಿಸುತ್ತದೆ. ನಾಟಕಗಳಲ್ಲಿ ನಾವು ಡಿಸೆಂಬರದ ಹೊಣೆಯನ್ನೆಲ್ಲ ಮದ್ದಿನಲ್ಲಿ ಸಗಣಿ ಬೆರೆಸಿದ ದ್ರೋಹಿಯ ತಲೆಗೆ ಕಟ್ಟಿ ಹಗುರಾಗುತ್ತೇವೆ. ಎದುರಿಗೆ ಬಂದ ದಂಡೆಷ್ಟು, ತೋಪೆಷ್ಟು ಎಂದು ಕೇಳುವುದಿಲ್ಲ. ನನ್ನ ಪಂಚನ ಕಥೆಯೂ ಅದೇ ಜಾತಿಯದು. ಆದರೆ ಜನ ಅಷ್ಟಕ್ಕೇ ನಿಂತಿಲ್ಲ. 1829ರ ಫೆಬ್ರವರಿ 2ರಂದು ಸೆರೆಯಲ್ಲಿಯೇ ತೀರಿಕೊಂಡ ಚೆನ್ನಮ್ಮನ ಸಮಾಧಿಗೆ ಬೈಲಹೊಂಗಲದಲ್ಲಿ ಹೂ ಏರಿಸುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡಕ್ಕೆ ಹೋಗಿ, ಮಕ್ಕಳಾಗಲೆಂದು ಆಲದ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಗೆಲುವಿನ ಜಾಗಕ್ಕೆ ಒಂದು ದಿನ ಹೋಗುವ ಜನವೇ ಸೋಲಿನ ಜಾಗಕ್ಕೂ ಬೇರೊಂದು ದಿನ ಹೋಗುತ್ತಾರೆ. ಅಲ್ಲಿ ಡೊಳ್ಳು ಕಡಿಮೆ, ಅಷ್ಟೆ.

ಮರುದಿನ ಬೆಳಿಗ್ಗೆ ಹುಡುಗನನ್ನು ಆ ಸಮಾಧಿಗೆ ಕರೆದೊಯ್ದೆ. ಇಬ್ಬರು ಮುದುಕರು ಬಿಸಿಲು ಕಾಯಿಸುತ್ತ ಕುಳಿತಿದ್ದರು; ಬೇರೆ ಯಾರೂ ಇರಲಿಲ್ಲ. ತೇದಿ ಹೇಳಿದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿದ: 1824ರ ಡಿಸೆಂಬರದಿಂದ 1829ರ ಫೆಬ್ರವರಿಯ ತನಕ.

“ನಾಕು ವರ್ಷ ಎರಡು ತಿಂಗಳಾತು, ಅಜ್ಜಾ. ಅಷ್ಟ ದಿನ ಒಳಗ ಕುಂತು ಏನ ವಿಚಾರ ಮಾಡ್ತಿದ್ದಳು?”

ಈ ಸಲ ನಾನು ಗದರಿಸಲಿಲ್ಲ. ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ.