ಲಿನ್ಯೋನ್ ದಂಡೆಯ ಸುಳ್ಳು

ಫ್ರಾನ್ಸ್ ದೇಶದ ನಡುಭಾಗದ ಎತ್ತರದ ಸೀಮೆಯಲ್ಲಿ ಮೆಜೆಂಕ್ ಎಂಬ ಬೆಟ್ಟವಿದೆ. ಅದರ ಎತ್ತರ ೧,೭೫೩ ಮೀಟರ್. ಆ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ಉತ್ತರಾಭಿಮುಖವಾಗಿ ಹರಿದು, ಲ್ವಾರ್ ಮಹಾನದಿಯನ್ನು ಸೇರುವ ಚಿಕ್ಕ ಹೊಳೆಯೇ ಲಿನ್ಯೋನ್. ಅದರ ದಂಡೆಯ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಒಂದು ಹಳ್ಳಿಯುಂಟು: ಲ ಶಾಂಬೋನ್. ಕಗ್ಗಲ್ಲಿನ ಗೋಡೆಗಳ ಮನೆಗಳು, ಸುತ್ತ ಪೈನ್ ಕಾಡು, ಕಾಡಿನ ನಡುನಡುವೆ ಒಂದಕ್ಕೊಂದು ಕೂಗಳತೆಗೂ ಸಿಗದಂತೆ ಚದರಿದ ಒಕ್ಕಲುಮನೆಗಳು. ಚಳಿಗಾಲದಲ್ಲಿ ಅಲ್ಲಿನವರು ‘ಬ್ಯುರ್ಲ್’ ಎಂದು ಕರೆಯುವ ಬಡಗಣ ಗಾಳಿ ಹಿಮವನ್ನು ಎತ್ತಿ ಒಟ್ಟಿ ದಾರಿಗಳನ್ನು ಮುಚ್ಚಿಬಿಡುತ್ತದೆ. ಬೇಸಗೆಯಲ್ಲಿ ಮಾತ್ರ ಹವೆ ಹಿತ. ಆದುದರಿಂದ ಕಲ್ಲಿದ್ದಲಿನ ಹೊಗೆ ಕುಡಿದು ಬೆಳೆಯುತ್ತಿದ್ದ ಸೇಂತೆತಿಯೆನ್ ಪಟ್ಟಣದ ಮಕ್ಕಳನ್ನು ಹಿಂದೆ ಇಲ್ಲಿಗೆ ಕಳುಹುತ್ತಿದ್ದರು. ಅವರಿಗಾಗಿ ಊರಿನಲ್ಲಿ ವಸತಿಗೃಹಗಳು ಎದ್ದವು. ಬಡ ನೆಲದ ಜನಕ್ಕೆ ಪರರ ಮಕ್ಕಳಿಗೆ ಹಾಸಿಗೆ ಹಾಸಿ ಗಂಜಿ ಕಾಯಿಸುವುದು ಒಂದು ಜೀವನೋಪಾಯವಾಗಿತ್ತು. ಮುಂದಿನ ಕಥೆಗೆ ಈ ಭೂಗೋಳವೆಲ್ಲ ಬೇಕಾಗುತ್ತದೆ.

ಇತಿಹಾಸವೂ ಬೇಕು. ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಈ ಸೀಮೆಯವರು ಹದಿನಾರನೆಯ ಶತಮಾನದಿಂದಲೂ ಪ್ರಾಟೆಸ್ಟೆಂಟರು. ೧೬೮೫ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಅವರಿಗಿದ್ದ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಒಂದು ನೂರು ವರ್ಷ ಅವರು ಕಾಡಿನಲ್ಲಿ ಸೇರಿ ಪ್ರಾರ್ಥಿಸಿದರು, ತಮ್ಮ ಪಾದ್ರಿಗಳನ್ನು ಅಟ್ಟದ ಮೇಲೆ ಅಡಗಿಸಿದರು. ನೆರೆಯ ವಿವಾರೆ ಪ್ರಾಂತದ ಮಾರಿ ದ್ಯುರಾಂ ಎಂಬ ಹೆಣ್ಣುಮಗಳನ್ನು ೧೭೩೦ರಲ್ಲಿ ಹಿಡಿದು ತೆಂಕಣ ಕಡಲ ಹತ್ತಿರದ ಒಂದು ಗೋಪುರದಲ್ಲಿ ಸೆರೆಯಿಟ್ಟರು. ‘ನನ್ನ ಮತವನ್ನು ಬಿಟ್ಟೆ’ ಎಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಆಕೆ ಹೇಳಲಿಲ್ಲ. ಹೊರಗೆ ಬಂದದ್ದು ೧೭೬೮ರಲ್ಲಿ. ಮೂವತ್ತೆಂಟು ವರ್ಷಗಳ ತರುವಾಯ. ಒಂದು ಸುಳ್ಳನ್ನು ಆಡದೆ ಯೌವನವನ್ನೆಲ್ಲ ಕಲ್ಲಿಗೆ ಕೊಟ್ಟವಳ ಕಥೆಯನ್ನು ಕೇಳಿಕೊಂಡು ಬೆಳೆದ ಜನ ಇವರು. ಇಂಥವರು ಒಂದು ಕಾಲಕ್ಕೆ ಊರಿಗೆ ಊರೇ ಸುಳ್ಳಾಡಿತೆಂಬುದು ನನ್ನನ್ನು ಕಾಡುವ ವಿಷಯ.

೧೯೪೦ರ ಜೂನ್ ೨೨ರಂದು ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಮರುದಿನ ಭಾನುವಾರ, ಶಾಂಬೋನಿನ ಪಾದ್ರಿ ಆಂದ್ರೆ ತ್ರೋಕ್ಮೆಯೂ ಅವರ ಸಹೋದ್ಯೋಗಿ ಎಡ್ವಾರ್ ತೇಸರೂ ಆತ್ಮಬಲವನ್ನೇ ಆಯುಧವಾಗಿ ಹಿಡಿದು ಹಿಂಸೆಯನ್ನು ಎದುರಿಸಬೇಕೆಂದು ಸಭೆಗೆ ಬೋಧಿಸಿದರು. ಇಬ್ಬರೂ ಅಹಿಂಸಾವಾದಿಗಳು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಹಳ್ಳಿಗೂ ಸುತ್ತಣ ಸೀಮೆಗೂ ಯೆಹೂದ್ಯರು ಬಂದರು, ಅವರ ಮಕ್ಕಳು ಬಂದರು. ವಸತಿಗೃಹಗಳೂ ಒಕ್ಕಲುಮನೆಗಳೂ ತುಂಬಿದವು. ಅಲ್ಲಿ ಆಶ್ರಯ ಪಡೆದವರು ಐದು ಸಾವಿರವೆಂದು ಹಳೆಯ ಎಣಿಕೆ. ಅಷ್ಟಿರಲಾರದೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಅಡಗಿಸುವವರು ಪಟ್ಟಿ ಬರೆದಿಡುವುದಿಲ್ಲವಷ್ಟೆ.

ಆದರೆ ಅವರು ಮೊದಲು ಮಾಡಿದ ಕೆಲಸ ಸುಳ್ಳಾಡುವುದಲ್ಲ, ನಿಜ ಹೇಳುವುದು. ೧೯೪೨ರ ಆಗಸ್ಟಿನಲ್ಲಿ ವಿಶಿ ಸರಕಾರದ ಯುವಜನ ಇಲಾಖೆಯ ಮುಖ್ಯಸ್ಥ ಲಾಮಿರಾಂ ಊರಿಗೆ ಭೇಟಿ ಕೊಟ್ಟಾಗ, ಅಲ್ಲಿನ ಶಾಲೆಯ ಹಿರಿಯ ವಿದ್ಯಾರ್ಥಿಗಳು ಒಂದು ಪತ್ರವನ್ನು ಕೈಗಿತ್ತರು. ನಮ್ಮ ನಡುವೆ ಯೆಹೂದ್ಯರಿದ್ದಾರೆ. ಅವರಿಗೂ ನಮಗೂ ನಾವು ಭೇದವೆಣಿಸುವುದಿಲ್ಲ. ಅವರನ್ನು ಹಿಡಿದೊಯ್ಯುವ ಅಪ್ಪಣೆಯಾದರೆ ನಾವು ಅವರನ್ನು ಬಚ್ಚಿಡುತ್ತೇವೆ. ಇದು ಪತ್ರದ ಸಾರ. ಕೆಲವೇ ದಿನಗಳಲ್ಲಿ ಪೋಲೀಸರು ಬಸ್ಸುಗಳೊಡನೆ ಬಂದರು. ಹೆಸರುಗಳನ್ನು ಕೊಡಿರೆಂದರೆ ತ್ರೋಕ್ಮೆ ಕೊಡಲಿಲ್ಲ. ಕೆಲವು ವಾರ ಕಾಡು ಮೇಡು ಅಲೆದು ಬಸ್ಸುಗಳು ಹೆಚ್ಚುಕಡಮೆ ಬರಿದಾಗಿಯೇ ಮರಳಿದವು.

ಅನಂತರ ಸುಳ್ಳಿನ ಕಾಲ ಬಂತು. ಗುರುತಿನ ಚೀಟಿ, ಪಡಿತರದ ಚೀಟಿ, ಇವಿಲ್ಲದೆ ಆಗ ಬದುಕುವಂತಿರಲಿಲ್ಲ. ಆಸ್ಕರ್ ರೊಸೊವ್‌ಸ್ಕಿ ಎಂಬ ಹತ್ತೊಂಬತ್ತರ ಯೆಹೂದ್ಯ ಹುಡುಗ, ತಾನೂ ಕಳ್ಳ ಹೆಸರಿನಲ್ಲಿ ಒಕ್ಕಲುಮನೆಯೊಂದರಲ್ಲಿ ಅಡಗಿದ್ದು, ಸಾವಿರಾರು ಕಳ್ಳ ಚೀಟಿಗಳನ್ನು ತಯಾರಿಸಿದ. ಅವನ ಮೊಹರುಗಳೂ ಕಾಗದಗಳೂ ಜೇನುಪೆಟ್ಟಿಗೆಗಳಲ್ಲಿ ಅಡಗಿರುತ್ತಿದ್ದವು. ಬಾಗಿಲಿಗೆ ಬಂದ ಪೋಲೀಸನಿಗೆ ‘ಇಲ್ಲಿ ಯಾರೂ ಇಲ್ಲ’ ಎಂದು ಹೇಳಿದ ಮುದುಕಿಯರೆಷ್ಟೋ. ಈ ಚೀಟಿಗಳ ವಿಷಯದಲ್ಲಿ ತ್ರೋಕ್ಮೆಯ ಮನಸ್ಸು ಎಂದೂ ಪೂರ್ತಿ ಸಮಾಧಾನ ಹೊಂದಲಿಲ್ಲವೆಂದು, ೧೯೭೯ರಲ್ಲಿ ಈ ಊರನ್ನು ಕುರಿತು ಗ್ರಂಥ ಬರೆದ ಅಮೆರಿಕದ ತತ್ತ್ವಶಾಸ್ತ್ರಜ್ಞ ಫಿಲಿಪ್ ಹ್ಯಾಲಿ ತಿಳಿಸುತ್ತಾರೆ.

ಸಮಾಧಾನವಿಲ್ಲದಿದ್ದುದೇಕೆ? ಕೊಲೆಗಾರನೊಬ್ಬ ಬಂದು, ನಿನ್ನ ಗೆಳೆಯ ನಿನ್ನ ಮನೆಯಲ್ಲಿದ್ದಾನೆಯೇ ಎಂದು ಕೇಳಿದರೆ ಆಗಲೂ ಸುಳ್ಳಾಡಕೂಡದು ಎಂದು ೧೭೯೭ರಲ್ಲಿ ಕಾಂಟ್ ವಾದಿಸಿದ. ಅಷ್ಟು ದೊಡ್ಡ ತಲೆ ಹೀಗೆ ಹೇಳಿತಲ್ಲ ಎಂದು ನಗುವವರುಂಟು, ನಾನು ನಗಲಾರೆ. ಒಳ್ಳೆಯದಕ್ಕಾಗಿ ಆಡಿದೆ ಎನ್ನದ ಸುಳ್ಳುಗಾರ ಯಾವ ದೇಶದಲ್ಲಿದ್ದಾನೆ? ಯೆಹೂದ್ಯರನ್ನು ಪೂರ್ವದೇಶಗಳಲ್ಲಿ ನೆಲೆಗೊಳಿಸಲು ಒಯ್ಯುತ್ತೇವೆಂದು ಹೇಳುತ್ತಿದ್ದ ಅಧಿಕಾರಿಗಳ ಬಾಯಲ್ಲಿಯೂ ದೇಶಹಿತದ ಮಾತೇ ಇತ್ತು.

ನಮ್ಮವರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಕೇಳಿಕೊಂಡಿದ್ದರು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಹಳ್ಳಿಗೆ ದೂರವಲ್ಲದ ನದೀಸಂಗಮದಲ್ಲಿ ವಾಸವಾಗಿದ್ದ ಈ ತಪಸ್ವಿಗೆ ಸತ್ಯ ನುಡಿಯುವುದೇ ವ್ರತ. ದಸ್ಯುಗಳಿಗೆ ಹೆದರಿ ಕಾಡು ಹೊಕ್ಕವರ ದಾರಿಯನ್ನು ಅವನು ಕೇಳಿದವರಿಗೆ ಇದ್ದಂತೆಯೇ ತೋರಿಸಿಬಿಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ. ತನ್ನ ವ್ರತ ಕೆಡದಿರಲೆಂದು ಅವನು ಬೇರೆಯವರ ಕುತ್ತಿಗೆಯನ್ನು ಕೊಟ್ಟನಷ್ಟೆ. ಒಮ್ಮೆ ಗೋವಿನ ಹಾಡಿನ ಪಾಠ ನಡೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಕರು ಎಲ್ಲಿದೆ ಎಂದು ಹುಲಿ ಕೇಳಿದ್ದರೆ ಪುಣ್ಯಕೋಟಿ ಹೇಳುತ್ತಿತ್ತೇ ಸಾರ್?’ ಎಂದು ಕೇಳಿದ. ತರಗತಿ ನಕ್ಕಿತು, ನನಗೆ ಉತ್ತರ ಹೊಳೆಯಲಿಲ್ಲ. ಪುಣ್ಯಕೋಟಿ ಹುಲಿಗೆ ಒಪ್ಪಿಸಿದ್ದು ತನ್ನ ಮೈಯನ್ನು, ಕರುವನ್ನಲ್ಲ, ಎಂದು ಆಗಲೇ ಹೇಳಬೇಕಾಗಿತ್ತು.

ಶಾಂಬೋನಿನವರ ನಡೆಯಲ್ಲಿ ಕಾಣುವುದೂ ಈ ಭೇದವೇ. ೧೯೪೩ರ ಫೆಬ್ರವರಿಯಲ್ಲಿ ತ್ರೋಕ್ಮೆ, ತೇಸ್ ಇವರನ್ನೂ ಶಾಲೆಯ ಮುಖ್ಯೋಪಾಧ್ಯಾಯ ದಾರ್ಸಿಸಾಕ್ ಅವರನ್ನೂ ಹಿಡಿದು ಲಿಮೋಜ್ ಬಳಿಯ ಶಿಬಿರದಲ್ಲಿಟ್ಟರು. ಸುಮಾರು ಐದು ವಾರಗಳ ಮೇಲೆ ಬಿಡುಗಡೆಯ ಅಪ್ಪಣೆ ಬಂತು. ಸರಕಾರದ ಆಜ್ಞೆಗಳನ್ನು ಪಾಲಿಸುತ್ತೇವೆಂದು ಒಂದು ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೆ. ಸರಕಾರಿ ಶಾಲೆಯ ನೌಕರರಾದ ದಾರ್ಸಿಸಾಕ್ ಸಹಿ ಹಾಕಿದರು. ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಪಾದ್ರಿಗಳಿಬ್ಬರೂ ಒಲ್ಲೆವೆಂದು ಸೆರೆಗೇ ಮರಳಿದರು. ಪಾಲಿಸಲಾಗದ ಮಾತಿಗೆ ಸಹಿ ಹಾಕುವುದೆಂತು? ಮರುದಿನ ಅವರನ್ನು ಸಹಿಯಿಲ್ಲದೆಯೇ ಬಿಟ್ಟರೆಂಬುದು ದೈವಯೋಗ. ಊರಿನಲ್ಲಿ ಸಾವಿರಾರು ಕಳ್ಳ ಚೀಟಿಗಳು ಓಡಾಡುತ್ತಿರುವಾಗ, ತಮ್ಮ ಬಿಡುಗಡೆಗೆ ಮಾತ್ರ ಒಂದು ಸುಳ್ಳು ಸಹಿ ಬೇಡವೆಂದವರು ಇವರು.

ಆದುದರಿಂದ ಸುಳ್ಳು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಅದರ ಬೆಲೆಯನ್ನು ತೆರುವವರು ಯಾರು ಎಂದು ಕೇಳುವುದು ಲೇಸೆಂದು ನನಗೆ ತೋರುತ್ತದೆ. ತ್ರೋಕ್ಮೆಯ ಬಂಧು ದಾನಿಯೆಲ್ ತ್ರೋಕ್ಮೆ ಅಲ್ಲಿನ ವಿದ್ಯಾರ್ಥಿಗೃಹವೊಂದನ್ನು ನೋಡಿಕೊಳ್ಳುತ್ತಿದ್ದ. ೧೯೪೩ರ ಜೂನ್ ೨೯ರಂದು ಜರ್ಮನ್ ಪೋಲೀಸರು ಅದನ್ನು ಮುತ್ತಿದಾಗ ಅವನು ಬೇರೆಡೆಯಲ್ಲಿದ್ದ, ಕಾಡಿಗೆ ಓಡಬಹುದಾಗಿತ್ತು. ಓಡದೆ ತನ್ನ ಹುಡುಗರ ಜೊತೆಗೆ ಹೋದ. ೧೯೪೪ರಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಸತ್ತ.

ಈ ಅಳತೆಗೋಲು ಎಲ್ಲೆಡೆಗೂ ಸಲ್ಲುವುದಿಲ್ಲ. ಸುಳ್ಳಿನ ಬೆಲೆಯನ್ನು ಮಕ್ಕಳೂ ತೆತ್ತರು. ಏಳೆಂಟು ವರ್ಷದ ಮಗುವಿಗೆ, ಇಂದಿನಿಂದ ನಿನ್ನ ಹೆಸರು ಇದಲ್ಲ, ನಿನ್ನ ತಾಯಿಯ ಹೆಸರೂ ಅದಲ್ಲ, ಯಾರಾದರೂ ಹಳೆಯ ಹೆಸರಿನಿಂದ ಕೂಗಿದರೆ ತಿರುಗಿ ನೋಡಬೇಡ ಎಂದು ಕಲಿಸಬೇಕಾಗಿತ್ತು. ಮಗು ಬದುಕಿತು, ಸರಿ. ಆದರೆ ತಾಯಿ ಮರಳದ ಮಗುವಿಗೆ ಅವಳಿಂದ ಉಳಿದದ್ದು ಆ ಹೆಸರೊಂದೇ ಆಗಿದ್ದಿರಬಹುದು. ಇಂಥ ಸುಳ್ಳನ್ನು ಕಲಿಸಿದವರು ಅದು ಸುಳ್ಳೇ ಅಲ್ಲವೆಂದು ತಮಗೆ ತಾವೇ ಹೇಳಿಕೊಂಡಿದ್ದರೆ ನಾನು ಅವರನ್ನು ಅಷ್ಟಾಗಿ ಗೌರವಿಸುತ್ತಿರಲಿಲ್ಲ.

೧೯೯೦ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಆ ಊರನ್ನೇ ಗೌರವಿಸಿತು. ನನ್ನ ಮನಸ್ಸು ಮಾತ್ರ ಮರಳಿ ಹೋಗುವುದು ಹ್ಯಾಲಿ ಹೇಳುವ ಇನ್ನೊಂದು ಪ್ರಸಂಗಕ್ಕೆ. ಬಿಡುಗಡೆಯಾದ ಕೆಲವು ತಿಂಗಳಿಗೆ ತ್ರೋಕ್ಮೆ ತಾವೇ ತಲೆಮರೆಸಿಕೊಳ್ಳಬೇಕಾಯಿತು. ಜೇಬಿನಲ್ಲಿ ಬೆಗೆ ಎಂಬ ಹೆಸರಿನ ಕಳ್ಳ ಚೀಟಿ. ಲಿಯೋನ್ ನಗರದ ರೈಲುನಿಲ್ದಾಣದಲ್ಲಿ ಜರ್ಮನ್ನರು ಅವರನ್ನು ತಡೆದು ನಿಲ್ಲಿಸಿದರು. ಎಳೆಯ ಮಗ ಜೊತೆಯಲ್ಲಿದ್ದ. ಈಗ ವಿಚಾರಣೆ, ಈಗ ಹೆಸರು ಕೇಳುತ್ತಾರೆ. ನಾನು ಬೆಗೆ ಅಲ್ಲ, ಪಾದ್ರಿ ತ್ರೋಕ್ಮೆ, ಎಂದೇ ಹೇಳಿಬಿಡುವುದೆಂದು ಅವರು ನಿಶ್ಚಯಿಸಿದರು. ಇದು ಪುಣ್ಯಕೋಟಿಯ ಸತ್ಯವೇ, ಕೌಶಿಕನ ಸತ್ಯವೇ? ಒಪ್ಪಿಸುವುದು ತನ್ನ ಮೈಯನ್ನೇ ಆದರೂ ಪಕ್ಕದಲ್ಲಿ ಮಗನಿದ್ದ. ಅವರ ತಲೆಯೊಳಗೆ ಊರಿನ ಗುಟ್ಟೆಲ್ಲ ಇತ್ತು. ನಾನು ಎಷ್ಟೋ ಸಲ ಅವರ ಜಾಗದಲ್ಲಿ ನಿಂತು ನೋಡಿದ್ದೇನೆ. ಒಮ್ಮೆ ಒಂದು ಉತ್ತರ ಸರಿಯೆನಿಸುತ್ತದೆ, ಮತ್ತೊಮ್ಮೆ ಇನ್ನೊಂದು. ಅಂದು ತಂದೆ ಮಗ ಇಬ್ಬರೂ ಕಾವಲುಗಾರನ ಕಣ್ಣು ತಪ್ಪಿಸಿ ಪ್ರಯಾಣಿಕರ ಗುಂಪಿನಲ್ಲಿ ಬೆರೆತು ಪಾರಾದರು. ಅವರ ಹೆಸರನ್ನು ಯಾರೂ ಕೇಳಲಿಲ್ಲ.