ಮದ್ಯ, ಪ್ರಮಾದ ಮತ್ತು ಗೃಹಹಿಂಸೆ

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಂಥ ಊರುಗಳಲ್ಲಿ ಪತ್ನಿಯನ್ನು ಹೊಡೆದವನ ವಿಚಾರ ಹಿರಿಯರ ಮುಂದೆ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು: “ಮನುಷ್ಯ ಒಳ್ಳೆಯವನೇ, ಕುಡಿದಾಗ ಮಾತ್ರ ಹೀಗೆ.” ಈ ಮಾತಿನಲ್ಲಿ ಕನಿಕರವಿದೆ. ಸತ್ಯವೆಷ್ಟಿದೆ ಎಂಬುದು ವಿಚಾರಾರ್ಹ.

ಅದೇ ಮನುಷ್ಯನು ಅದೇ ಅಮಲಿನಲ್ಲಿ ದಾರಿಯಲ್ಲಿ ಎದುರಾದ ಗೌಡರಿಗೆ ಕೈಮುಗಿಯುತ್ತಾನೆ. ಪೊಲೀಸರನ್ನು ಕಂಡರೆ ದನಿ ತಗ್ಗಿಸುತ್ತಾನೆ. ಅವನ ಕೈ ಏಳುವುದು ಮನೆಯ ಹೊಸ್ತಿಲು ದಾಟಿದ ಮೇಲೆ. ಯಾರನ್ನು ಹೊಡೆಯಬಹುದೆಂಬ ಲೆಕ್ಕವನ್ನು ಮದ್ಯವು ಅಳಿಸಲಿಲ್ಲ. ಪತ್ನಿಯು ತನ್ನ ಅಧೀನಳೆಂಬ ಭಾವವು ಕುಡಿತಕ್ಕೆ ಮೊದಲೇ ಅವನಲ್ಲಿತ್ತು.

ಹಾಗೆಂದು ಮದ್ಯವು ನಿರ್ದೋಷಿಯಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟಿದೆ. ಮದ್ಯವು ಮನಸ್ಸನ್ನು ಮೋಹಗೊಳಿಸಿ, ಧರ್ಮವನ್ನು ಮರೆಸಿ, ಹಿಂಸೆಗೆ ಅಂಜದಂತೆ ಮಾಡುವುದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ಆದುದರಿಂದ ತಿಳಿದೂ ಕುಡಿದವನ ಹೊಣೆ ಎರಡು: ಪ್ರಮಾದವನ್ನು ತಾನೇ ಬರಮಾಡಿಕೊಂಡದ್ದು ಒಂದು, ಅದರಲ್ಲಿ ಎಸಗಿದ ಹಿಂಸೆ ಇನ್ನೊಂದು. ಸ್ವಇಚ್ಛೆಯಿಂದ ಕುಡಿದವನ ಅಮಲನ್ನು ದೇಶದ ದಂಡಸಂಹಿತೆಯೂ ತಪ್ಪಿಗೆ ರಕ್ಷೆಯೆಂದು ಒಪ್ಪುವುದಿಲ್ಲ.

ಹೊಣೆ ಎರಡಾದರೆ ಚಿಕಿತ್ಸೆಯೂ ಎರಡಾಗಬೇಕು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಎಂಟು ದಿನಗಳ ಶಿಬಿರವಾಸ, ಆಪ್ತಸಲಹೆ, ಕುಟುಂಬದವರ ಭಾಗವಹಿಸುವಿಕೆ, ಅನಂತರ ನವಜೀವನ ಸಮಿತಿಯ ಆಸರೆ ಇವು ಅದರ ಕ್ರಮ. ಇದರಿಂದ ಬೆಳಕು ಕಂಡ ಮನೆಗಳು ಅನೇಕ. ಆದರೆ ಪಾನತ್ಯಾಗವೇ ಹಿಂಸಾತ್ಯಾಗವೆಂದು ಭಾವಿಸಲಾಗದು. ಕುಡಿತ ಬಿಟ್ಟವನೂ ಪತ್ನಿಯ ಕೂಲಿಹಣವನ್ನು ಕಸಿದುಕೊಳ್ಳಬಹುದು; ತವರಿಗೆ ಹೋಗದಂತೆ ತಡೆಯಬಹುದು; ಕಣ್ಣಿನಲ್ಲೇ ಹೆದರಿಸಬಹುದು. ಆದ್ದರಿಂದ ಶಿಬಿರದಲ್ಲಿ ಮದ್ಯದ ಮಾತಿನೊಡನೆ ಕ್ರೋಧ ಮಾನ ಕಷಾಯಗಳ ಮಾತೂ, ಹೊಡೆತದ ಮಾತೂ ನೇರವಾಗಿ ಬರಬೇಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಂತೆ ಪ್ರತಿವಾದಿಯು ಆಪ್ತಸಲಹೆ ಪಡೆಯಬೇಕೆಂದು ನ್ಯಾಯಾಧೀಶರು ಆದೇಶಿಸಬಹುದು. ನೊಂದವಳಿಗೆ ರಕ್ಷಣೆಯ ಆದೇಶವನ್ನೂ ನೀಡಬಹುದು. ಆ ರಕ್ಷಣೆಗೆ ಗಂಡನು ಕುಡಿತ ಬಿಡುವವರೆಗೆ ಕಾಯಬೇಕಿಲ್ಲ. “ಅವನು ಬಿಡುವ ತನಕ ಸಹಿಸಿಕೋ ತಾಯಿ” ಎಂಬ ಉಪದೇಶವು ಹಿಂಸೆಗೆ ಅನುಮೋದನೆ ನೀಡಿದಂತೆಯೇ ಸರಿ. ಅನುಮೋದನೆಯಿಂದಲೂ ಪಾಪಾಸ್ರವವುಂಟೆಂಬುದನ್ನು ಶ್ರಾವಕರು ಬಲ್ಲರು.

ಪ್ರತಿಕ್ರಮಣದಲ್ಲಿ ದೋಷವನ್ನು ಅದರ ಹೆಸರಿನಿಂದಲೇ ಹೇಳಬೇಕು. “ಕುಡಿದಿದ್ದೆ” ಎನ್ನುವವನು ಅರ್ಧವನ್ನೇ ಹೇಳಿದನು. “ಹೊಡೆದೆ, ಹೊಡೆದವನು ನಾನು” ಎಂದ ದಿನ ಅವನ ಆಲೋಚನೆ ಪೂರ್ಣವಾಗುತ್ತದೆ, ಸುಧಾರಣೆ ಮೊದಲಾಗುತ್ತದೆ.