ಕೊನೆಯ ಹಾಸಿಗೆಯ ಬಳಿ ನಾಯಿಗೆ ಜಾಗವಿದೆಯೇ?



ಆರು ವರ್ಷಗಳ ಹಿಂದೆ ನನ್ನ ಅಜ್ಜ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಅಜ್ಜ ಕೇಳಿದ್ದು ಒಂದೇ: "ಕಾಳನ್ನ ಒಳಗೆ ಬಿಡಿ." ಕಾಳ ಅಂದರೆ ಹನ್ನೊಂದು ವರ್ಷ ಅವರ ಹಿಂದೆಯೇ ತೋಟ ಸುತ್ತಿದ ನಾಯಿ. ಮಡಿಯ ಮನೆ, ನಾಯಿ ಜಗಲಿ ದಾಟಿದ್ದೇ ಇಲ್ಲ. ಅಪ್ಪ ಇಲ್ಲಿಗೆ, ಖಾಲಿದಿಯಾಕ್ಕೆ, ಫೋನ್ ಮಾಡಿ "ನೀನು ಓದಿದವನು, ಏನು ಹೇಳ್ತೀಯ?" ಎಂದರು. ನಾನು ಮಡಿಯ ಮಾತೆತ್ತಲಿಲ್ಲ, ಆಧುನಿಕನಲ್ಲವೇ! "ಇನ್‌ಫೆಕ್ಷನ್ ಆಗುತ್ತೆ, ಬೇಡ" ಎಂದೆ. ಕಾಳ ಅಂಗಳದಲ್ಲೇ ಉಳಿಯಿತು. ಹದಿನೈದು ದಿನಕ್ಕೆ ಅಜ್ಜ ಹೋದರು.

ಆಮೇಲೆ ಈ ಬಗ್ಗೆ ಓದಲು ಶುರುಮಾಡಿದೆ. ದೀರ್ಘಕಾಲದ ರೋಗಿಗೆ ಒಂದು ಪುಟ್ಟ ಸಾಕುಪ್ರಾಣಿ ಒಳ್ಳೆಯ ಸಂಗಾತಿ ಎಂದು ಫ್ಲಾರೆನ್ಸ್ ನೈಟಿಂಗೇಲ್ 1860ರ ಹೊತ್ತಿಗೇ ಬರೆದಿದ್ದರು. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನಮ್ಮ ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯವಿದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. (ಅದೇ 1999ರಲ್ಲಿ ನಮ್ಮ ಅಬುಧಾಬಿಯಲ್ಲಿ ಗಿಡುಗಗಳಿಗೆಂದೇ ಒಂದು ಆಸ್ಪತ್ರೆ ತೆರೆಯಿತು!)

ಈಗ ಹಲವು ದೇಶಗಳ ಹಾಸ್ಪೈಸ್‌ಗಳಿಗೆ ಪಳಗಿಸಿದ ನಾಯಿಗಳು ಬರುತ್ತವೆ. ಸ್ನಾನ ಮಾಡಿಸಿ, ಚುಚ್ಚುಮದ್ದು ಹಾಕಿಸಿರುತ್ತಾರೆ. ಜೊತೆಗೆ ಅದನ್ನು ಬಲ್ಲ ಒಬ್ಬರು ಇರುತ್ತಾರೆ. ಮುಟ್ಟುವ ಮೊದಲೂ ನಂತರವೂ ಕೈ ತೊಳೆಯಬೇಕು. ಅಲರ್ಜಿ, ಭಯ, ತೆರೆದ ಗಾಯ ಇರುವವರ ಬಳಿ ಬಿಡುವುದಿಲ್ಲ. ಅಂದರೆ ನನ್ನ "ಇನ್‌ಫೆಕ್ಷನ್"ಗೆ ಉತ್ತರವಿತ್ತು, ನಾನು ಹುಡುಕಲಿಲ್ಲ ಅಷ್ಟೇ. ನಾಯಿ ಗಡ್ಡೆಯನ್ನು ಕರಗಿಸುವುದಿಲ್ಲ, ಮಾರ್ಫಿನ್ ಕೆಲಸವನ್ನೂ ಮಾಡುವುದಿಲ್ಲ. ಈ ಕುರಿತ ಅಧ್ಯಯನಗಳು ಹೆಚ್ಚಿನವು ಚಿಕ್ಕವು. ಆದರೂ ಆತಂಕ, ಒಂಟಿತನ ತಗ್ಗುವುದನ್ನು ಅವು ಗುರುತಿಸಿವೆ. ನೋಡಲು ಬಂದ ನಾವು "ಹೇಗಿದೀರಿ?" ಎಂದು ಕೇಳಿ, ಅವರಿಂದ ಸುಳ್ಳು ಹೇಳಿಸುತ್ತೇವೆ. ನಾಯಿ ಏನನ್ನೂ ಕೇಳುವುದಿಲ್ಲ.

ನಮ್ಮ ಸಂಪ್ರದಾಯದಲ್ಲಿ ಸಾಯುವವರ ಬಳಿಗೆ ಪ್ರಾಣಿ ಬರುವುದು ಹೊಸತೇನಲ್ಲ. ವೈತರಣಿ ದಾಟಲೆಂದು ಗೋದಾನ ಮಾಡಿಸುತ್ತೇವೆ. ಅಜ್ಜನ ಕೈಯಲ್ಲೂ ಮಾಡಿಸಿದೆವು. ಆ ಹಸು ಅವರಿಗೆ ಪರಿಚಯದ್ದೂ ಅಲ್ಲ. ಮುಂದಿನ ಲೋಕಕ್ಕೆ ಬೇಕಾದ ಪ್ರಾಣಿಯನ್ನು ತಂದ ನಾವು, ಈ ಲೋಕದಲ್ಲಿ ಅವರು ಕೇಳಿದ್ದನ್ನು ತರಲಿಲ್ಲ.

ಧರ್ಮರಾಯನ ಕಥೆ ಎಲ್ಲರಿಗೂ ಗೊತ್ತು. ಸ್ವರ್ಗದ ಬಾಗಿಲಲ್ಲಿ ಇಂದ್ರ ಎತ್ತಿದ ಆಕ್ಷೇಪವೂ ಮೈಲಿಗೆಯದೇ. ಆ ನಾಯಿ ಯಮಧರ್ಮನೆಂದು ನಾವು ಸಂಭ್ರಮಿಸುತ್ತೇವೆ, ಆದರೆ "ಬಿಟ್ಟು ಬರಲಾರೆ" ಎಂದಾಗ ಅವನಿಗೆ ಅದು ಬರೀ ನಾಯಿ.

ಇನ್ನೊಂದು ಪ್ರಶ್ನೆಯೂ ಇದೆ: ನಾಯಿಯನ್ನು ಔಷಧಿಯಂತೆ ಬಳಸುವುದು ಸರಿಯೇ? ದಿನಕ್ಕೆ ಹತ್ತು ಹಾಸಿಗೆ ಸುತ್ತಿಸಿದರೆ ಖಂಡಿತ ತಪ್ಪು. ಅದಕ್ಕೂ ದಣಿವಿದೆ, ಬೇಡವೆನಿಸಿದರೆ ಎದ್ದು ಹೋಗುವ ಹಕ್ಕು ಇರಬೇಕು. ಕಾಳನಿಗೆ ಮಾತ್ರ ಯಾರೂ ಒತ್ತಾಯ ಮಾಡಬೇಕಿರಲಿಲ್ಲ. ಆ ಹದಿನೈದು ದಿನವೂ ಅದು ಅಜ್ಜನ ಕೋಣೆಯ ಕಿಟಕಿಯ ಕೆಳಗೇ ಮಲಗಿತ್ತಂತೆ.

ಈಗ ಅಜ್ಜಿ ಅದೇ ಕೋಣೆಯಲ್ಲಿದ್ದಾರೆ. ಮನೆಯ ಬೆಕ್ಕು ಅವರ ಕಾಲ ಬಳಿ ಮಲಗುತ್ತದೆ ಎಂದು ಅಪ್ಪ ಹೋದ ವಾರ ಸ್ವಲ್ಪ ಅಳುಕಿನಿಂದಲೇ ಹೇಳಿದರು. ಓಡಿಸಬೇಡಿ ಎಂದೆ. ರೇಬಿಸ್ ಚುಚ್ಚುಮದ್ದು ಹಾಕಿಸಿದ್ದೀರಾ ಎಂದೂ ಕೇಳಿದೆ.